ಹುಲ್ಲುಕತ್ತಿ: ಕೊಳ್ಳುವವರು ಒಬ್ಬರು, ಹಿಡಿಯುವವರು ಇನ್ನೊಬ್ಬರು

ಆಟಿಯ ಜಡಿಮಳೆ ಹಿಂದೆ ಸರಿದು ಸೋಣದ ಬಿಸಿಲು ಮುಖ ತೋರಿಸಿತೆಂದರೆ ನಮ್ಮ ಕಡೆ ಹುಲ್ಲಿಗೆ ಸುಗ್ಗಿ. ತೋಟದ ಬದಿ, ಗದ್ದೆಯ ಹುಣಿ, ಗುಡ್ಡೆಯ ಇಳಿಜಾರು, ಮಾರ್ಗದ ಅಂಚು, ಕೊನೆಗೆ ಅಂಗಳದ ಮೂಲೆಯನ್ನೂ ಬಿಡದೆ ಹುಲ್ಲು ಎದ್ದು ನಿಲ್ಲುತ್ತದೆ. ಮೊಣಕಾಲೆತ್ತರ ಇದ್ದದ್ದು ಹದಿನೈದು ದಿನ ಕಣ್ಣು ತಪ್ಪಿಸಿದರೆ ಸೊಂಟಕ್ಕೆ ಬರುತ್ತದೆ. ಆಗ ಮನೆಯಲ್ಲಿ ಹಳೆಯ ಕತ್ತಿಯ ನೆನಪಾಗುತ್ತದೆ. ಅದು ಒಂದೋ ಮೊಂಡಾಗಿರುತ್ತದೆ, ಇಲ್ಲವೇ ಹಿಡಿ ಕಳಚಿರುತ್ತದೆ. ಯಜಮಾನರು ಪೇಟೆಗೆ ಹೊರಟಾಗ ಅಡಿಕೆ ಮಾರಾಟ, ಬ್ಯಾಂಕಿನ ಕೆಲಸ, ಮದ್ದಿನ ಚೀಟಿ ಇವುಗಳ ಕೊನೆಯಲ್ಲಿ ‘ಒಂದು ಹುಲ್ಲುಕತ್ತಿ’ ಎಂಬುದೂ ಸೇರಿಕೊಳ್ಳುತ್ತದೆ. ಬಸ್ಸಿಗೆ ಹೊತ್ತಾಯಿತೆನ್ನುವಾಗ ಕಬ್ಬಿಣದ ಸಾಮಾನಿನ ಅಂಗಡಿಗೆ ನುಗ್ಗಿ, ಅಂಗಡಿಯವರು ಕಟ್ಟಿನಿಂದ ಎಳೆದುಕೊಟ್ಟದ್ದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬರುವುದು ವಾಡಿಕೆ.

ಎರಡು ನಿಮಿಷದಲ್ಲಿ ಮುಗಿದ ಈ ವ್ಯಾಪಾರದ ಫಲವನ್ನು ವರ್ಷವಿಡೀ ಉಣ್ಣಬೇಕಾದವರು ಮಾತ್ರ ಮನೆಯಲ್ಲೇ ಉಳಿದಿರುತ್ತಾರೆ. ದನ ಸಾಕುವ ಮನೆಗಳಲ್ಲಿ ಹುಲ್ಲು ಹೆರೆಯುವ ಕೆಲಸ ಹೆಚ್ಚಾಗಿ ಹೆಂಗುಸರದು. ಅಮ್ಮನೋ ಅತ್ತೆಯೋ ಅತ್ತಿಗೆಯೋ ಬೆಳಗಿನ ಕಾಫಿ ತಿಂಡಿಯ ಬಳಿಕ ತಲೆಗೆ ಮುಟ್ಟಾಳೆಯೋ ಹಳೆಯ ತುಂಡುಬಟ್ಟೆಯೋ ಸುತ್ತಿಕೊಂಡು ಗುಡ್ಡೆಗೆ ಹೋಗುತ್ತಾರೆ. ಅವರ ಕೈಗೆ ಯಾವ ಹಿಡಿ ಒಗ್ಗುತ್ತದೆ, ಎಷ್ಟು ತೂಕ ತಾಳುತ್ತದೆ ಎಂದು ಕೇಳಿದ ಮನೆ ಎಷ್ಟಿದ್ದೀತು? ಸೀರೆ ಕೊಳ್ಳುವಾಗ ಕರೆದುಕೊಂಡು ಹೋಗುತ್ತೇವೆ. ಕತ್ತಿ ಕೊಳ್ಳುವಾಗ ಇಲ್ಲ.

ಕತ್ತಿಯ ವಿಚಾರದಲ್ಲಿ ಇಷ್ಟೊಂದು ಹೇಳಲು ಏನಿದೆ ಎಂದು ನಗುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಮಿಶ್ರತಳಿಯ ಹಾಲು ಕರೆಯುವ ದನವೊಂದಕ್ಕೆ ದಿನಕ್ಕೆ 25ರಿಂದ 30 ಕಿಲೋ ಹಸಿಹುಲ್ಲು ಬೇಕು. ನಮ್ಮದೇ ಆದ ಕಾಸರಗೋಡು ಗಿಡ್ಡ ತಳಿಗೆ ಅಷ್ಟು ಬೇಡ, ಅದು ಗುಡ್ಡೆಯಲ್ಲಿ ಮೇದು ಬಂದು ಸುಮ್ಮನಾಗುವ ಪ್ರಾಣಿ. ಆದರೆ ಈಗ ಬಹಳ ಹಟ್ಟಿಗಳಲ್ಲಿ ಇರುವುದು ಮಿಶ್ರತಳಿಯೇ. ಒಂದು ಮುಷ್ಟಿಗೆ ಕಾಲು ಕಿಲೋ ಹುಲ್ಲು ಎಂದು ಹಿಡಿದರೂ 25 ಕಿಲೋಗೆ ನೂರು ಮುಷ್ಟಿಯಾಯಿತು. ಎರಡು ದನಗಳಿದ್ದರೆ ಇನ್ನೂರು. ತಿಂಗಳಿಗೆ ಆರು ಸಾವಿರ. ಪ್ರತಿಯೊಂದು ಮುಷ್ಟಿಗೂ ಬಗ್ಗಿ, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಎಳೆಯಬೇಕು. ಕತ್ತಿ ಒಂದೇ ಎಳೆತಕ್ಕೆ ಕೊಯ್ದರೆ ಆರು ಸಾವಿರ ಎಳೆತ. ಮೊಂಡಾಗಿ ಮೂರು ಸಲ ಎಳೆಯಬೇಕಾದರೆ ಹದಿನೆಂಟು ಸಾವಿರ. ಸಂಜೆಯಾದರೆ ಮಣಿಗಂಟು ಬೀಗುತ್ತದೆ, ಸೊಂಟ ಹಿಡಿಯುತ್ತದೆ ಎಂದು ಹೇಳುವವರಿಗೆ ಎಣ್ಣೆ ತಿಕ್ಕಿಕೊಳ್ಳಿ ಎನ್ನುವ ಮೊದಲು ಅವರ ಕತ್ತಿಯನ್ನು ಒಮ್ಮೆ ತೆಗೆದು ನೋಡುವುದು ನ್ಯಾಯ.

ಯಂತ್ರ ಬಂದ ಮೇಲೆ ಕತ್ತಿ ಯಾರಿಗೆ ಬೇಕು ಎಂಬ ಪ್ರಶ್ನೆಯೂ ಇದೆ. ಹೆಗಲಿಗೆ ನೇತುಹಾಕಿಕೊಳ್ಳುವ ಪೆಟ್ರೋಲು ಯಂತ್ರ ಈಗ ಊರೂರಿನಲ್ಲಿದೆ. ಎಕರೆಗಟ್ಟಲೆ ತೋಟ ಸವರಿಸುವವರಿಗೆ ಅದು ವರವೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ನೈಲಾನು ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಬಡಿದು ಚೂರು ಮಾಡುತ್ತದೆ. ಚೂರುಚೂರಾಗಿ ಮಣ್ಣು ಮೆತ್ತಿದ ಹುಲ್ಲನ್ನು ಒಟ್ಟುಮಾಡಿ ದನಕ್ಕೆ ಹಾಕುವುದು ಕಷ್ಟ. ಅಡಿಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಯ ಬುಡಕ್ಕೆ ಆ ದಾರ ಒಮ್ಮೆ ಸೋಂಕಿದರೆ ಸಾಕು, ಬಳ್ಳಿಯ ಸಿಪ್ಪೆ ಎದ್ದು ಹೋಗುತ್ತದೆ. ಬುಡದ ಗಾಯ ಎಂದರೆ ಸೊರಗು ರೋಗಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಸಣ್ಣ ಅಡಿಕೆ ಗಿಡಗಳಿಗೂ ಇದೇ ಅಪಾಯ. ಕಲ್ಲು ಹಾರಿ ಕಣ್ಣಿಗೆ ಬಡಿಯುವ ಭಯ ಬೇರೆ.

ಇನ್ನು ಹುಲ್ಲಿಗೆ ಮದ್ದು ಬಿಡುವ ಮಾತು. ಅದರ ಬಗ್ಗೆ ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಎಣ್ಮಕಜೆಯ ಕಡೆಯವರು ಇಂದಿಗೂ ಮನೆಮನೆಯಲ್ಲಿ ಕಾಣುತ್ತಿದ್ದಾರೆ. 2000ದಲ್ಲಿ ಆ ಸಿಂಪರಣೆ ನಿಂತಿತು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಾಜ್ಞೆ ನೀಡಿತು. ಅದು ಕೀಟದ ಮದ್ದು, ಹುಲ್ಲಿನ ಮದ್ದಲ್ಲ, ನಿಜ. ಆದರೂ ದನ ತಿನ್ನುವ ಹುಲ್ಲಿನ ಮೇಲೆ, ಬಾವಿಗೆ ಇಳಿಯುವ ನೀರಿನ ದಾರಿಯಲ್ಲಿ ಇನ್ನೊಂದು ವಿಷವನ್ನು ತಂದು ಬಿಡಲು ನಮ್ಮ ಜನ ಹಿಂಜರಿದರೆ ಅದು ಅಜ್ಞಾನವಲ್ಲ, ಅನುಭವ. ಹುಲ್ಲು ಸಾಯಿಸುವ ಗ್ಲೈಫೋಸೇಟಿನ ಮಾರಾಟಕ್ಕೆ ಕೇರಳ ಸರಕಾರ 2019ರಲ್ಲಿ ತಡೆ ಹಾಕಿದ್ದೂ ಉಂಟು. ಹೀಗಾಗಿ ಸುತ್ತಿಬಳಸಿ ಕೊನೆಗೆ ಕತ್ತಿಗೇ ಬರಬೇಕು.

ಮೂರು ಹೆಸರು, ಹಲವು ಕತ್ತಿ

ನಾವು ಮಾತಾಡುವ ಭಾಷೆಗಳಂತೆಯೇ ಈ ಸಲಕರಣೆಗೂ ಇಲ್ಲಿ ಹಲವು ಹೆಸರು. ಪುಸ್ತಕದ ಕನ್ನಡದಲ್ಲಿ ಕುಡುಗೋಲು, ತುಳುವಿನಲ್ಲಿ ಪರ್ದತ್ತಿ, ಪೇಟೆಯ ಅಂಗಡಿಯಲ್ಲಿ ಮಲಯಾಳದ ಅರಿವಾಳ್. ಮನೆಮಾತಿನಲ್ಲಿ ಎಲ್ಲವೂ ಬರಿಯ ‘ಕತ್ತಿ’. ಕೇರಳದ ಗೋಡೆಗಳ ಮೇಲೆ ಚುನಾವಣೆಗೊಮ್ಮೆ ಬಣ್ಣ ಹೊಸತಾಗುವ ಕುಡುಗೋಲನ್ನು ಎಲ್ಲರೂ ಕಂಡಿದ್ದೇವೆ. ಚಿತ್ರಕ್ಕೆ ಅದು ಚೆಂದ; ಆದರೆ ಅಷ್ಟು ಗುಂಡಗೆ ಬಾಗಿದ ಕತ್ತಿಯಿಂದ ಗುಡ್ಡೆಯ ಹುಲ್ಲು ಹೆರೆಯಹೊರಟರೆ ಅದರ ಮೊನೆ ನೆಲ ಕೆದಕೀತು.

ಹೆಸರು ಒಂದೇ ಆದುದರಿಂದ ಕತ್ತಿಯೂ ಒಂದೇ ಎಂಬ ಭಾವನೆ ಬೆಳೆದುಬಿಟ್ಟಿದೆ. ಮುಖ್ಯವಾಗಿ ತಿಳಿಯಬೇಕಾದ ವ್ಯತ್ಯಾಸ ಬಾಯಿಯದು. ಒಂದು ನಯಬಾಯಿಯ ಕತ್ತಿ. ಇನ್ನೊಂದು ಬಾಯಿಯ ಉದ್ದಕ್ಕೂ ಗರಗಸದಂತೆ ಸಣ್ಣ ಹಲ್ಲುಗಳಿರುವ ಕತ್ತಿ, ಅದನ್ನು ಹಲ್ಲುಕತ್ತಿ ಎನ್ನೋಣ. ಹಲ್ಲುಕತ್ತಿ ಹುಲ್ಲಿನ ದಂಟನ್ನು ಜಾರಗೊಡದೆ ಹಿಡಿದು ಎಳೆತದಲ್ಲಿ ಕೊಯ್ಯುತ್ತದೆ. ಬೀಸುವ ಅಗತ್ಯವಿಲ್ಲ, ಶಕ್ತಿಯೂ ಹೆಚ್ಚು ಬೇಡ. ಒಣಗಿ ಗಟ್ಟಿಯಾದ ತೆಳು ದಂಟಿಗೆ, ಅಂದರೆ ಬೆಳೆದ ಪೈರಿಗೆ, ಮುಳಿಹುಲ್ಲಿಗೆ ಇದಕ್ಕೆ ಸಾಟಿಯಿಲ್ಲ. ಹಿಂದೆ ಮನೆಯ ಮಾಡಿಗೆ ಹೊದಿಸಲು ಗುಡ್ಡೆಯ ಮುಳಿಯನ್ನು ಕಟ್ಟುಕಟ್ಟಾಗಿ ಹೆರೆದು ತರುತ್ತಿದ್ದ ಕಾಲದಲ್ಲಿ ಒಳ್ಳೆಯ ಕತ್ತಿಯ ಬೆಲೆ ಮನೆಯ ಮಕ್ಕಳಿಗೂ ತಿಳಿದಿತ್ತು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಮುಳಿಮಾಡು ಮರೆಯಾಯಿತು. ಈಗ ಗುಡ್ಡೆಗಳನ್ನು ರಬ್ಬರೂ ಕೆಂಪುಕಲ್ಲಿನ ಕೋರೆಯೂ ಹಂಚಿಕೊಂಡಿರುವುದರಿಂದ ಮುಳಿಯೇ ಅಪರೂಪ.

ನಯಬಾಯಿಯ ಕತ್ತಿಯ ಗುಣ ಬೇರೆ. ಹರಿತವಾಗಿದ್ದರೆ ಹಸಿಯಾದ, ಮೆತ್ತಗಿನ, ಎಡೆಯಿಲ್ಲದೆ ಬೆಳೆದ ಹುಲ್ಲನ್ನು ಇದು ಹಲ್ಲುಕತ್ತಿಗಿಂತ ಬೇಗ ಕೊಯ್ಯುತ್ತದೆ. ಹಸಿಹುಲ್ಲಿನ ನಾರು ಹಲ್ಲಿನ ಎಡೆಯಲ್ಲಿ ಸಿಕ್ಕಿಕೊಳ್ಳುವ ಕಿರಿಕಿರಿ ಇಲ್ಲ. ಆದರೆ ಹರಿತವಾಗಿದ್ದರೆ ಎಂಬ ಮಾತು ಇಲ್ಲಿ ದೊಡ್ಡದು. ಹುಲ್ಲಿನ ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮರಳಿನಂಥ ಸಿಲಿಕಾ ಕಣಗಳಿವೆ. ಬರಿಗೈಗೆ ಹುಲ್ಲಿನ ಅಂಚು ತಾಗಿ ಗೀರುವುದು ಅದರಿಂದಲೇ, ಕತ್ತಿ ಮೊಂಡಾಗುವುದಕ್ಕೂ ಅದು ಒಂದು ಕಾರಣ. ನಯಬಾಯಿಯ ಕತ್ತಿ ಹಿಡಿದವರು ಕಾಲುಗಂಟೆಗೊಮ್ಮೆಯಾದರೂ ಮಸೆಗಲ್ಲು ಮುಟ್ಟಿಸಲೇಬೇಕು. ಅದಕ್ಕೆ ತಾಳ್ಮೆ ಇಲ್ಲದವರು, ಮಸೆಯಲು ಬಾರದವರು ಹಲ್ಲುಕತ್ತಿಯನ್ನೇ ಕೊಳ್ಳುವುದು ಲೇಸು.

ನೇಪಿಯರ್ ಹುಲ್ಲು ನೆಟ್ಟವರ ಕತೆ ಇನ್ನೊಂದು. ಹೈಬ್ರಿಡ್ ನೇಪಿಯರಿನ ದಂಟು ಬಲಿತರೆ ಸಣ್ಣ ಕಬ್ಬಿನಂತೆ ಇರುತ್ತದೆ. ಅದರ ಮೇಲೆ ಹಲ್ಲುಕತ್ತಿ ಎಳೆದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಕೈ ಜಗ್ಗುತ್ತದೆ. ಅದಕ್ಕೆ ತುಸು ತೂಕವಿರುವ, ಕಡಿಮೆ ಬಾಗಿದ, ನಯಬಾಯಿಯ ಕತ್ತಿಯೇ ಆಗಬೇಕು. ಒಂದೇ ಪೆಟ್ಟಿಗೆ ಓರೆಯಾಗಿ ಕಡಿಯಬೇಕು. ನೆಟ್ಟು ಒಂಬತ್ತು ಹತ್ತು ವಾರಕ್ಕೆ ಮೊದಲ ಕೊಯ್ಲು, ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಬುಡದಲ್ಲಿ 10ರಿಂದ 15 ಸೆಂಟಿಮೀಟರ್ ಕೂಳೆ ಬಿಟ್ಟು ಕಡಿಯುವುದು ಕ್ರಮ. ಕತ್ತಿ ಮೊಂಡಾದರೆ ಕೂಳೆ ಸೀಳುತ್ತದೆ, ಬುಡವೇ ಅಲುಗುತ್ತದೆ, ಮುಂದಿನ ಚಿಗುರು ಬಡವಾಗುತ್ತದೆ. ಇಲ್ಲಿ ಕತ್ತಿಯ ತಪ್ಪಿಗೆ ದಂಡ ತೆರುವುದು ಹುಲ್ಲಿನ ಬುಡ.

ದನಕ್ಕೆ ಬೇಡದ, ಬರಿದೆ ಸವರಿ ಹಾಕಬೇಕಾದ ಕಾಡು ಇನ್ನೊಂದು ಬಗೆ. ನಾಚಿಕೆಮುಳ್ಳು, ಕಮ್ಯುನಿಸ್ಟ್ ಗಿಡ, ಬಳ್ಳಿ, ಹುಲ್ಲು ಎಲ್ಲ ಕಲಸಿಕೊಂಡಿರುವ ಕಡೆಗೆ ಎಡಗೈ ಹಾಕುವಂತೆಯೇ ಇಲ್ಲ. ಅಲ್ಲಿಗೆ ಉದ್ದ ಹಿಡಿಯ ಬೀಸುಕತ್ತಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೊಕ್ಕೆಕೋಲು. ಕೋಲಿನಿಂದ ಎಳೆದು ಬಗ್ಗಿಸಿ ಕತ್ತಿಯಿಂದ ಸವರುವುದು. ಇದರಲ್ಲಿ ಬೆನ್ನು ಅಷ್ಟಾಗಿ ಬಗ್ಗುವುದಿಲ್ಲ, ಮುಳ್ಳೂ ಕೈಗೆ ತಾಗುವುದಿಲ್ಲ. ಆದರೆ ಸವರಿದ ಹುಲ್ಲು ಚೆಲ್ಲಾಪಿಲ್ಲಿ, ಹೊರೆ ಕಟ್ಟಲು ಬಾರದು. ಅಡಿಕೆ ಬುಡಕ್ಕೆ ಹೊದಿಕೆಯಾಗಿ ಹಾಕಲು ಧಾರಾಳ ಸಾಕು. ಒಟ್ಟಿನಲ್ಲಿ ಕೊಯ್ದ ಹುಲ್ಲು ಎಲ್ಲಿಗೆ ಹೋಗುತ್ತದೆ, ದನದ ಬಾಯಿಗೋ ಮರದ ಬುಡಕ್ಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ.

ನಿಂತು ಬೀಸುವ ಕತ್ತಿ ನಮಗಾದೀತೆ?

ಯುರೋಪಿನಲ್ಲಿ ಸೈತ್ ಎಂಬ ದೊಡ್ಡ ಕತ್ತಿಯಿದೆ. ಆಳೆತ್ತರದ ಮರದ ಕೋಲು, ಅದಕ್ಕೆ ಎರಡು ಹಿಡಿ, ತುದಿಯಲ್ಲಿ ಎರಡು ಎರಡೂವರೆ ಅಡಿ ಉದ್ದದ ಬಾಗಿದ ತೆಳು ಅಲಗು. ಮನುಷ್ಯ ನೆಟ್ಟಗೆ ನಿಂತು ನೆಲಕ್ಕೆ ಸಮನಾಗಿ ಬಲದಿಂದ ಎಡಕ್ಕೆ ಬೀಸಿದರೆ ಅರ್ಧಚಂದ್ರಾಕಾರದಲ್ಲಿ ಹುಲ್ಲು ಕೊಯ್ದು ಎಡಬದಿಗೆ ಸಾಲಾಗಿ ಬೀಳುತ್ತದೆ. ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ಓದಿದವರಿಗೆ ಜಮೀನುದಾರ ಲೆವಿನ್ ರೈತರ ಸಾಲಿನಲ್ಲಿ ನಿಂತು ದಿನವಿಡೀ ಹುಲ್ಲು ಬೀಸುವ ಪ್ರಸಂಗ ನೆನಪಿರಬಹುದು. ಆಸ್ಟ್ರಿಯಾದಲ್ಲಿ ಈ ಅಲಗುಗಳನ್ನು ಇಂದಿಗೂ ತಯಾರಿಸುತ್ತಾರೆ. ಅದರ ಬಾಯಿಯನ್ನು ಸಣ್ಣ ಅಡಿಗಲ್ಲಿನ ಮೇಲಿಟ್ಟು ಕಾಯಿಸದೆ ಸುತ್ತಿಗೆಯಿಂದ ಬಡಿದು ಕಾಗದದಷ್ಟು ತೆಳು ಮಾಡುವುದು ಒಂದು ಕಲೆ. ಸೊಂಟಕ್ಕೆ ದನದ ಕೊಂಬಿನಲ್ಲಿ ನೀರು ತುಂಬಿ ಕಟ್ಟಿಕೊಂಡು ಅದರಲ್ಲಿ ಮಸೆಗಲ್ಲು ಅದ್ದಿಟ್ಟುಕೊಳ್ಳುವುದು ಅವರ ಹಳೆಯ ಪದ್ಧತಿ.

ಬೆನ್ನು ಬಗ್ಗಿಸದೆ ಮಾಡುವ ಕೆಲಸ ಎಂದಾಗ ನಮ್ಮವರಿಗೂ ಆಸೆಯಾಗುವುದು ಸಹಜ. ಆದರೆ ಜಾಗ ನೋಡಬೇಕು. ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಸೈತ್ ಬೀಸಲು ಎರಡು ಮೀಟರಿನಷ್ಟು ಅಗಲ ಬಿಡುವಾಗಿರಬೇಕು. ನಡುವೆ ಕೊಕ್ಕೋ ಗಿಡ, ಮರದಲ್ಲಿ ಮೆಣಸಿನ ಬಳ್ಳಿ, ನೆಲದಲ್ಲಿ ನೀರಿನ ಪೈಪು, ಅಲ್ಲಲ್ಲಿ ಸ್ಪ್ರಿಂಕ್ಲರಿನ ಕೋಲು. ಇಷ್ಟೆಲ್ಲ ತಪ್ಪಿಸಿ ಬೀಸಬೇಕಾದರೆ ಲೆವಿನನ ಕೈಯಲ್ಲೂ ಆಗದು. ಗುಡ್ಡೆಯಲ್ಲಂತೂ ಹುಲ್ಲಿನ ಅಡಿಯಲ್ಲಿ ಮುರಕಲ್ಲು ತಲೆಯೆತ್ತಿರುತ್ತದೆ. ಆ ತೆಳು ಅಲಗು ಒಮ್ಮೆ ಕಲ್ಲಿಗೆ ಬಡಿದರೆ ಬಾಯಿ ಹರಿಯಿತೆಂದೇ ಲೆಕ್ಕ. ಕಡಲ ಕರೆಯ ತೆಂಗಿನ ತೋಟಗಳಲ್ಲಿ ಮರದಿಂದ ಮರಕ್ಕೆ 7.5 ಮೀಟರ್ ಅಂತರವಿದ್ದು ನೆಲ ಸಮತಟ್ಟಾಗಿರುವುದರಿಂದ ಅಲ್ಲಿ ತಕ್ಕಮಟ್ಟಿಗೆ ನಡೆದೀತು. ಉಳಿದಂತೆ ನಮ್ಮ ಏರುತಗ್ಗಿನ ನೆಲಕ್ಕೆ ಗಿಡ್ಡ ಹಿಡಿಯ ಕತ್ತಿಯೇ ಸರಿಯೆಂದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲೂ ಕುಲುಮೆಯಲ್ಲೂ ನೋಡಬೇಕಾದದ್ದು

ಮೊದಲನೆಯದಾಗಿ ಹಿಡಿ. ನೋಡಲು ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿ ಚೆಂದವೇ. ಮಳೆಗೆ ಒದ್ದೆಯಾದ ಕೈಯಲ್ಲಿ ಅದು ಮೀನಿನಂತೆ ಜಾರುತ್ತದೆ. ಮರದ ಹಿಡಿ ಬೆವರನ್ನೂ ನೀರನ್ನೂ ಸ್ವಲ್ಪ ಹೀರಿಕೊಂಡು ಕೈಗೆ ಅಂಟಿ ಕೂರುತ್ತದೆ. ದಪ್ಪ ಎಷ್ಟಿರಬೇಕು? ಮುಷ್ಟಿ ಕಟ್ಟಿ ಹಿಡಿದಾಗ ಹೆಬ್ಬೆರಳು ನಡುಬೆರಳಿನ ತುದಿಯ ಗೆಣ್ಣಿನ ಮೇಲೆ ಬರಬೇಕು. ಬೆರಳುಗಳು ಮುಟ್ಟದೆ ಉಳಿದರೆ ಹಿಡಿ ದಪ್ಪವಾಯಿತು, ಮಣಿಗಂಟು ನೋಯುತ್ತದೆ. ಅಂಗೈಗೆ ಬೆರಳು ಚುಚ್ಚಿದರೆ ಸಪೂರವಾಯಿತು, ಕತ್ತಿ ಕೈಯೊಳಗೆ ತಿರುಗುತ್ತದೆ. ಈಗ ಓದುಗರೇ ಹೇಳಲಿ: ಯಜಮಾನರ ಮುಷ್ಟಿಗೆ ಸರಿಯಾದ ಹಿಡಿ ಯಜಮಾನ್ತಿಯ ಮುಷ್ಟಿಗೆ ಸರಿಯಾದೀತೇ? ಅಂಗಡಿಗೆ ಅವರನ್ನು ಕರೆದೊಯ್ಯಲು ಅನುಕೂಲವಿಲ್ಲವಾದರೆ ಮನೆಯಲ್ಲಿ ಅವರ ಕೈಗೆ ಒಗ್ಗಿದ ಹಳೆಯ ಹಿಡಿಯ ಸುತ್ತಳತೆಯನ್ನು ಒಂದು ಬಾಳೆನಾರಿನಲ್ಲಿ ಅಳೆದು ಕಿಸೆಯಲ್ಲಿಟ್ಟುಕೊಂಡು ಹೋಗಬಹುದು. ಅಂಗಡಿಯವರು ನಕ್ಕರೆ ನಗಲಿ.

ಹಿಡಿಯ ಬಾಯಲ್ಲಿ ಲೋಹದ ಬಳೆ ಇರಲೇಬೇಕು. ಇಲ್ಲದಿದ್ದರೆ ಮರ ಸೀಳುತ್ತದೆ. ಕತ್ತಿಯ ಬಾಲ ಹಿಡಿಯ ಉದ್ದಕ್ಕೂ ಸಾಗಿ ಹಿಂದುಗಡೆ ಬಗ್ಗಿಸಿದ್ದರೆ ಉತ್ತಮ. ಬರಿಯ ಎರಡಂಗುಲ ಒಳಗಿಳಿಸಿ ಅರಗು ತುಂಬಿದ್ದು ಬಿಸಿಲಿಗೆ ಒಂದಲ್ಲ ಒಂದು ದಿನ ಕಳಚುತ್ತದೆ, ಅದೂ ಎಳೆಯುವ ರಭಸದಲ್ಲಿ. ಹಿಡಿ ಅಲಗಿನ ಮಟ್ಟದಿಂದ ತುಸು ಮೇಲಕ್ಕೆ ಬಾಗಿದ್ದರೆ ಬುಡದಲ್ಲಿ ಕೊಯ್ಯುವಾಗ ಬೆರಳಿನ ಗೆಣ್ಣುಗಳು ಕಲ್ಲಿಗೆ ಉಜ್ಜುವುದು ತಪ್ಪುತ್ತದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ರೂಪಿಸಿದ ‘ನವೀನ್’ ಎಂಬ ಹಲ್ಲುಕತ್ತಿಯ ಹಿಡಿಯನ್ನು ಕೈಗೆ ಗಾಯವಾಗದಿರಲೆಂದೇ ಬಾಗಿಸಿದ್ದಾರೆ. ಹಗುರವಾದ ಕತ್ತಿ, ಹೆಂಗುಸರ ಕೈಗೆ ಹೊಂದುವಂಥದು. ನಮ್ಮ ಊರಿನ ಆಚಾರಿಗಳಿಗೆ ಹೀಗೆ ಬೇಕೆಂದು ತೋರಿಸಿಕೊಟ್ಟರೆ ಅವರೂ ಬಾಗಿಸಿ ಕೊಡಬಲ್ಲರು.

ಎರಡನೆಯದು ಹದ. ಇದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಆಚಾರಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಡಿದು ಕೆಂಪಗೆ ಕಾಯಿಸಿ ಬಡಿದು ಕತ್ತಿ ಮಾಡುತ್ತಾನೆ. ಅದು ಗಟ್ಟಿ ಉಕ್ಕು. ಮಾಡಿದ ಮೇಲೆ ಮತ್ತೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುತ್ತಾನೆ. ಹದ ಹೆಚ್ಚಾದರೆ ಬಾಯಿ ಗಾಜಿನಂತಾಗಿ ಕಲ್ಲು ತಾಗಿದಲ್ಲಿ ಚಕ್ಕೆ ಏಳುತ್ತದೆ. ಕಡಿಮೆಯಾದರೆ ಬಾಯಿ ಮಡಚಿಕೊಳ್ಳುತ್ತದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಒಂದು ಸಣ್ಣ ಅರವನ್ನು ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಅರ ಹಿಡಿಯದೆ ಜಾರಿಹೋದರೆ ಅತಿ ಗಟ್ಟಿ. ಬೆಣ್ಣೆಯಂತೆ ಕಿತ್ತುಕೊಂಡು ಬಂದರೆ ಮೆತ್ತಗೆ. ತುಸು ಹಿಡಿದು ಬಿಟ್ಟರೆ ಸರಿ. ಅರ ಇಲ್ಲದಿದ್ದರೆ ಕತ್ತಿಯ ಬೆನ್ನನ್ನು ಬೆರಳುಗಳ ಮೇಲೆ ತೂಗುಹಾಕಿ ಉಗುರಿನಿಂದ ಬಾರಿಸಿ. ಹದ ಬಂದ ಉಕ್ಕು ನಾದ ಕೊಡುತ್ತದೆ, ತಗಡು ಮಂಕಾಗಿ ಸದ್ದು ಮಾಡುತ್ತದೆ. ಬಿರುಕು ಇದ್ದರೂ ಇದರಿಂದಲೇ ತಿಳಿಯುತ್ತದೆ.

ಎಡಗೈಯವರ ಸಂಗತಿಯನ್ನು ಯಾರೂ ಹೇಳುವುದಿಲ್ಲ, ಆದುದರಿಂದ ಇಲ್ಲಿ ಹೇಳುತ್ತೇವೆ. ಅಂಗಡಿಯ ಹಲ್ಲುಕತ್ತಿಗಳಲ್ಲಿ ಹಲ್ಲು ಕೊರೆದಿರುವುದು ಅಲಗಿನ ಒಂದೇ ಮೈಗೆ, ಬಾಯಿಯ ಇಳಿಜಾರೂ ಒಂದೇ ಬದಿಗೆ, ಅದು ಬಲಗೈಯವರ ಲೆಕ್ಕದಲ್ಲಿ. ಎಡಗೈಯವರು ಅದನ್ನು ಹಿಡಿದರೆ ಕತ್ತಿ ದಂಟನ್ನು ಕೊಯ್ಯುವ ಬದಲು ಮೇಲಕ್ಕೋ ನೆಲಕ್ಕೋ ಜಾರುತ್ತದೆ. ‘ಇವಳಿಗೆ ಹುಲ್ಲು ಹೆರೆಯಲು ಬಾರದು’ ಎಂದು ಅತ್ತೆಯವರಿಂದ ಮಾತು ಕೇಳಿಸಿಕೊಂಡ ಸೊಸೆಯಂದಿರಲ್ಲಿ ಕೆಲವರಾದರೂ ಬರಿಯ ಎಡಗೈಯವರಾಗಿದ್ದಿರಬಹುದು. ಕುಲುಮೆಗೆ ಹೇಳಿ ಇಳಿಜಾರನ್ನು ಆಚೆ ಬದಿಗೆ ಮಾಡಿಸಿದರೆ ತೀರಿತು.

ಹಲ್ಲುಕತ್ತಿಯನ್ನು ಮಸೆಯುವುದಾದರೆ ಹಲ್ಲಿರುವ ಮೈಯನ್ನು ಕಲ್ಲಿಗೆ ಮುಟ್ಟಿಸಬಾರದು. ನಯವಾದ ಮೈಯನ್ನು ಮಾತ್ರ ಹಿಂದಿನಿಂದ ತೆಳುವಾಗಿ ಉಜ್ಜಬೇಕು. ಹಲ್ಲು ತನ್ನಿಂದ ತಾನೇ ಚೂಪಾಗುತ್ತದೆ. ಎರಡೂ ಮೈಯನ್ನು ಸಾಣೆಗೆ ಕೊಟ್ಟು ಹಲ್ಲನ್ನೇ ಸವೆಸಿ, ಹೊಸ ಕತ್ತಿ ಒಂದು ತಿಂಗಳೂ ಬರಲಿಲ್ಲವೆಂದು ಅಂಗಡಿಯವರನ್ನು ದೂರುವುದು ಸಾಮಾನ್ಯ. ನಯಬಾಯಿಯ ಕತ್ತಿಗೆ ಮಸೆಗಲ್ಲು ಸಾಕು. ಶೇಂದಿ ತೆಗೆಯುವವರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿ ಉದುರಿಸಿ ತಮ್ಮ ಕತ್ತಿಯನ್ನು ತಿಕ್ಕುವುದನ್ನು ನೋಡಿದವರಿಗೆ ಹರಿತ ಎಂದರೇನೆಂದು ಗೊತ್ತು. ಆ ಹಲಗೆ ಹಟ್ಟಿಯ ಬದಿಯಲ್ಲೂ ಒಂದು ಇರಬಹುದು. ವಿದ್ಯುತ್ ಸಾಣೆಯಲ್ಲಿ ಕಿಡಿ ಹಾರಿಸಿ ಬಾಯಿ ನೀಲಿಯಾಗುವವರೆಗೆ ಉಜ್ಜಿಸಿದರೆ ಹದ ಇಳಿದುಹೋಗುತ್ತದೆ. ಆಮೇಲೆ ಆ ಕತ್ತಿ ತರಕಾರಿಗೂ ಆಗದು.

ಎಡಗೈಯ ಬೆರಳು

ಕತ್ತಿ ಎಷ್ಟೇ ಒಳ್ಳೆಯದಿರಲಿ, ಗಾಯವಾಗುವುದು ಹೆಚ್ಚಾಗಿ ಎಡಗೈಯ ಕಿರುಬೆರಳಿಗೂ ಉಂಗುರಬೆರಳಿಗೂ. ಹುಲ್ಲಿನ ಮುಷ್ಟಿಯ ಕೆಳಗೆ ಕತ್ತಿ ಬರುವಾಗ ಮೊದಲು ಸಿಗುವುದು ಅವೇ. ಮುಷ್ಟಿಯನ್ನು ಕತ್ತಿಯಿಂದ ಒಂದು ಗೇಣು ಮೇಲೆ ಹಿಡಿದು, ಹುಲ್ಲನ್ನು ತುಸು ಆಚೆಗೆ ಓರೆ ಮಾಡಿ, ಕತ್ತಿಯನ್ನು ತನ್ನ ಕಡೆಗೆ ಮತ್ತು ಸ್ವಲ್ಪ ಬಲಕ್ಕೆ ಎಳೆಯುವುದು ಹಿಂದಿನವರ ಕ್ರಮ. ಹುಲ್ಲು ಉದ್ದವಿದ್ದಷ್ಟೂ ಇದು ಸುಲಭ. ಮೊಂಡು ಕತ್ತಿಯಲ್ಲಿ ಗಾಯ ಕಡಿಮೆಯೆಂಬ ನಂಬಿಕೆ ಕೆಲವರಿಗೆ ಇದೆ, ಅದು ತಲೆಕೆಳಗಾದ ಮಾತು. ಮೊಂಡಾದದ್ದನ್ನು ಬಲ ಹಾಕಿ ಎಳೆಯುವುದರಿಂದಲೇ ಅದು ತಟಕ್ಕನೆ ಜಾರಿ ಬೆರಳಿಗೆ ಬರುತ್ತದೆ.

ಗಾಯವಾದರೆ ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡಿ ಮುಂದುವರಿಯುವುದು ನಮ್ಮಲ್ಲಿ ರೂಢಿ. ರಕ್ತ ನಿಂತೀತು, ಆದರೆ ಅಷ್ಟಕ್ಕೆ ಬಿಡುವಂತಿಲ್ಲ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಚುಚ್ಚುಮದ್ದು ತೆಗೆದುಕೊಂಡು ಎಷ್ಟು ವರ್ಷವಾಯಿತೆಂದು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಮಳೆಗಾಲದಲ್ಲಿ ಅದಕ್ಕಿಂತ ಹತ್ತಿರದ ಶತ್ರು ಇಲಿಜ್ವರ, ಮಲಯಾಳದವರ ಎಲಿಪ್ಪನಿ. ಇಲಿಯ ಮೂತ್ರ ಬೆರೆತ ಕೆಸರುನೀರು ಕೈಕಾಲಿನ ಸಣ್ಣ ಗೀರಿಗೆ ತಾಗಿದರೂ ಸಾಕು. ಗದ್ದೆಯ ಹುಣಿಯಲ್ಲಿ, ತೋಟದ ಕಣಿಯಲ್ಲಿ ಹುಲ್ಲು ಹೆರೆಯುವವರು ಇದಕ್ಕೆ ನೇರವಾಗಿ ಒಡ್ಡಿಕೊಂಡವರು. ಕೆಸರಿನಲ್ಲಿ ದುಡಿಯುವವರಿಗೆ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಆರೋಗ್ಯ ಇಲಾಖೆ ಸೂಚಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದು, ವೈದ್ಯರು ಹೇಳಿದಂತೆ ಸೇವಿಸಬೇಕು. ಹುಲ್ಲಿಗೆ ಹೋಗಿ ಬಂದ ವಾರ ಹತ್ತು ದಿನದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಕಷಾಯ ಕುಡಿದು ಕಾಯಬಾರದು. ಕೆಸರಿನ ಕೆಲಸ ಮಾಡಿದ್ದೇವೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಹಾವಿನ ಮಾತು ಎಲ್ಲರಿಗೂ ಗೊತ್ತಿರುವುದೇ. ಕನ್ನಡಿಹಾವು ಮಲಗಿದರೆ ಒಣಗಿದ ತರಗೆಲೆಯೆಂದೇ ತೋರುತ್ತದೆ, ಕಾಲ ಸಪ್ಪಳಕ್ಕೂ ಬೇಗ ಸರಿಯುವುದಿಲ್ಲ. ಎತ್ತರದ ಹುಲ್ಲಿಗೆ ಕೈ ಹಾಕುವ ಮೊದಲು ಉದ್ದ ಕೋಲಿನಿಂದ ಬಡಿದು ಬಗ್ಗಿಸಿ ಬುಡ ನೋಡಬೇಕು. ರಬ್ಬರಿನ ಬೂಟು ತೊಟ್ಟರೆ ನಗುವ ಕಾಲ ಹೋಯಿತು.

ಕೆಲಸ ಮುಗಿದ ಮೇಲೆ ಕತ್ತಿಯನ್ನು ಹುಲ್ಲಿನ ಹೊರೆಯೊಳಗೆ ಸಿಕ್ಕಿಸಿ ತರುವುದನ್ನು ಮಾತ್ರ ಬಿಡಬೇಕು. ಹೊರೆ ಬಿಚ್ಚುವ ಮಕ್ಕಳಿಗೂ, ಮೂತಿ ಚಾಚುವ ಕರುವಿಗೂ ಅದು ಅಪಾಯ. ಒಂದು ತುಂಡು ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮಡಚಿ ಎರಡು ಕಡೆ ಹೊಲಿದರೆ ಒಣಗಿದ ಮೇಲೆ ಗಟ್ಟಿ ಒರೆಯಾಗುತ್ತದೆ, ಖರ್ಚಿಲ್ಲ. ಹುಲ್ಲಿನ ರಸ ಒರಸಿ, ಬಾಯಿಗೆ ಎರಡು ಹನಿ ತೆಂಗಿನೆಣ್ಣೆ ಸವರಿ, ಒರೆಯಲ್ಲಿಟ್ಟು ಹಟ್ಟಿಯ ಗೋಡೆಗೆ ಮಕ್ಕಳ ಕೈಗೆಟುಕದ ಎತ್ತರದಲ್ಲಿ ತೂಗುಹಾಕಬಹುದು. ಹಿಡಿ ಬದಲಿಸುವುದು, ಹೊಸ ಹಲ್ಲು ಕೊರೆಸುವುದು ಏನಾದರೂ ಇದ್ದರೆ ನವರಾತ್ರಿಗೆ ಮೊದಲೇ ಕುಲುಮೆಗೆ ಮುಟ್ಟಿಸುವುದು ಒಳ್ಳೆಯದು. ಆಯುಧಪೂಜೆಗೆ ಕತ್ತಿ ಮನೆಯಲ್ಲಿರಬೇಕೆಂದು ಎಲ್ಲರೂ ಒಟ್ಟಿಗೆ ಬಂದು ನಿಂತರೆ ಆಚಾರಿಯ ಒಂದು ಜೊತೆ ಕೈ ಎಲ್ಲಿಗೆಂದು ಸಾಕಾದೀತು?